ಕಾಕಾನ ಸುಳ್ಳು ಓಣಿ

ನಮ್ಮ ಕಾಕಾ ಯಾವ ಕೆಲಸವನ್ನೂ ಒಂದೇ ಸಲ ಮಾಡಿದವರಲ್ಲ. ಮೊದಲು ಸುಳ್ಳೇ ಮಾಡುತ್ತಾರೆ, ಆಮೇಲೆ ಖರೇ ಮಾಡುತ್ತಾರೆ. ಉತ್ಪ್ರೇಕ್ಷೆ ಅಂದುಕೊಂಡಿರಾ? ಬಸವನ ಬಾಗೇವಾಡಿಯಲ್ಲಿ ನಮ್ಮ ಬೀಗರ ಮನೆಯ ಮದುವೆ ಇದ್ದಾಗ, ಮುನ್ನಾದಿನವೇ ಅದೇ ಹೊತ್ತಿನ ಬಸ್ಸು ಹತ್ತಿ, ಅದೇ ಕಲ್ಯಾಣ ಮಂಟಪಕ್ಕೆ ಹೋಗಿ, ಖಾಲಿ ಕುರ್ಚಿಯ ಮೇಲೆ ಅರ್ಧ ತಾಸು ಕೂತು ಬಂದ ಮಹಾನುಭಾವರು ಅವರು. ಬಂದವರೇ "ಮೂರನೇ ಸಾಲಿನ ಫ್ಯಾನ್ ತಿರುಗೂದಿಲ್ಲ, ಅಲ್ಲಿ ಕೂಡಬ್ಯಾಡ್ರಿ" ಎಂದು ಮನೆಮನೆಗೆ ವರದಿ ಕೊಟ್ಟರು. ಮರುದಿನ ಖರೇ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ಇವರು ಮುಟ್ಟುವಷ್ಟರಲ್ಲಿ ಕಡೆಯ ಪಂಕ್ತಿಯ ಎಲೆಯೂ ಎತ್ತಿಯಾಗಿತ್ತು. "ನಿನ್ನೆ ಕೆಟ್ಟಿದ್ದಿಲ್ಲ ನೋಡು" ಎಂದು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು.

ಈ ರೋಗ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅಜ್ಜನ ರೇಡಿಯೋದಿಂದ ಅಂಟಿಕೊಂಡದ್ದು. ಅಜ್ಜ ತೀರಿಕೊಂಡ ಮೇಲೆ ಆ ರೇಡಿಯೋ ನಮ್ಮಪ್ಪನ ಪಾಲಿಗೆ ಬಂದಿತ್ತು. ಅಪ್ಪನಿಗೆ ಅದೆಂದರೆ ಜೀವ. ಕಾಕಾ ಸಿಂದಗಿಯ ಒಂದು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ರೇಡಿಯೋ, ಟೀವಿ ರಿಪೇರಿ ಕಲಿಸುತ್ತಿದ್ದರು; ಇನ್ನೂ ದೂರದ ಸ್ಟೇಷನ್ ಹಿಡಿಯುವಂತೆ ಮಾಡುತ್ತೇನೆಂದು, ಚೆನ್ನಾಗಿಯೇ ಹಾಡುತ್ತಿದ್ದ ರೇಡಿಯೋವನ್ನು ಒಂದು ದಿನ ಬಿಚ್ಚಿದರು. ಮತ್ತೆ ಜೋಡಿಸಿದಾಗ ಐದು ಸಾಮಾನು ಹೊರಗೇ ಉಳಿದವು, ರೇಡಿಯೋ ಬಾಯಿ ಬಿಡಲಿಲ್ಲ. ಅಪ್ಪ ಬೈಯಲಿಲ್ಲ. "ಇನ್ನ ನನ್ನ ಮನಿ ಸಾಮಾನು ಮುಟ್ಟಬ್ಯಾಡ" ಎಂದಷ್ಟೇ ಅಂದ. ಅಂದಿನಿಂದ ಕಾಕಾ ಮೊದಲು ಸುಳ್ಳೇ ಮಾಡಿ ನೋಡದೆ ಯಾವುದಕ್ಕೂ ಕೈ ಹಾಕಲಿಲ್ಲ. ನಮ್ಮ ಹೊಸ್ತಿಲನ್ನೂ ತುಳಿಯಲಿಲ್ಲ, ಅಣ್ಣತಮ್ಮಂದಿರು ಮಾತೂ ಆಡಲಿಲ್ಲ. ಒಂಬತ್ತು ವರ್ಷ! ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ.

ಹಾಗಂತ ಮಾತು ನಿಂತಿತೆಂದು ತಿಳಿಯಬೇಡಿ. ನಮ್ಮ ದೇವರ ಹಿಪ್ಪರಗಿಯಲ್ಲಿ ಮಾತು ಬಿಟ್ಟವರೇ ಹೆಚ್ಚು ಮಾತಾಡುತ್ತಾರೆ, ನಡುವೆ ಒಬ್ಬರು ಬೇಕು ಅಷ್ಟೇ. ಆ ಒಬ್ಬಳು ನಾನು. ಇಬ್ಬರೂ ಅಕ್ಕಪಕ್ಕದ ಕಟ್ಟೆಗಳ ಮೇಲೆ ಕೂತಿರುತ್ತಿದ್ದರು, ಒಬ್ಬರ ದನಿ ಇನ್ನೊಬ್ಬರಿಗೆ ಸ್ಪಷ್ಟ ಕೇಳುತ್ತಿತ್ತು. ಆದರೂ ಅಪ್ಪ ನನ್ನ ಕಡೆ ತಿರುಗಿ, "ಜ್ವರ ಬಂದೈತಂತ, ಔಷಧ ತಗೊಂಡಾನೇನ್ ಕೇಳು" ಎನ್ನುತ್ತಿದ್ದ. ಕಾಕಾ ನನ್ನ ಕಡೆ ತಿರುಗಿ, "ತಗೊಂಡೇನಿ ಅಂತ ಹೇಳವ್ವಾ" ಎನ್ನುತ್ತಿದ್ದರು. ನಾನು ಸಾಲಿ ಮಾಸ್ತರಣಿ, ಹೇಳಿದ್ದನ್ನೇ ಎರಡು ಸಲ ಹೇಳುವುದು ನನಗೇನು ಹೊಸತೇ?

ಇಂಥ ಕಾಕಾನಿಗೆ ನಿವೃತ್ತಿಯ ಹೊತ್ತಿಗೆ ಇಂಟರ್‌ನೆಟ್ಟಿನ ಹುಚ್ಚು ಹಿಡಿಯಿತು. ಆಗ ನಮ್ಮ ಓಣಿಯಲ್ಲಿ ಅದು ಇದ್ದದ್ದು ತುದಿಯ ಹೆಡ್‌ಮಾಸ್ತರರ ಮನೆಯಲ್ಲಿ ಮಾತ್ರ. ಪ್ರತಿ ಮನೆಯ ಮಾಳಿಗೆಯ ಮೇಲೆ ಒಂದು ಡಬ್ಬಿ ಕೂಡಿಸಿದರೆ, ಒಂದು ಡಬ್ಬಿಯಿಂದ ಅದಕ್ಕೆ ಕಾಣುವ ಇನ್ನೊಂದಕ್ಕೆ ಗಾಳಿಯಲ್ಲೇ ಹಾರಿ ಅದು ಓಣಿಯ ಹದಿನಾಲ್ಕೂ ಮನೆಗೆ ಬರುತ್ತದಂತೆ. ಅದಕ್ಕೆ ಮೆಶ್ ಎಂದು ಹೆಸರಂತೆ.

"ಮೆಶ್ ಅಂದ್ರ ಮೀನ ಹಿಡಿಯೂ ಬಲಿ" ಎಂದು ಕಾಕಾ ವಿವರಿಸಿದರು. "ಒಂದು ಗಂಟು ಬಿಚ್ಚಿದ್ರೂ ಬಲಿ ಬಲೀನ. ಒಬ್ಬರ ಮನಿ ಬಂದ್ ಆದ್ರ ಸುದ್ದಿ ಇನ್ನೊಬ್ಬರ ಮನಿ ಮ್ಯಾಲ ಹಾದು ಹೊಕ್ಕೈತಿ."

"ಹಂಗಾರ ಡಬ್ಬಿ ತರ್ರಿ" ಎಂದೆ.

"ಥೂ ಹುಚ್ಚಿ. ಮೊದಲ ಸುಳ್ಳ ಓಣಿ ಕಟ್ಟಬೇಕು."

ಕಟ್ಟಿದರು ನೋಡಿ! ಒಂದೇ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಹದಿನಾಲ್ಕು ಸುಳ್ಳು ಕಂಪ್ಯೂಟರು, ಒಂದೊಂದಕ್ಕೂ ಒಂದೊಂದು ಮನೆಯ ಹೆಸರು. ಯಾವ ಮನೆಗೆ ಯಾವ ಮನೆ ಕಾಣುತ್ತದೋ ಅವೆರಡಕ್ಕೆ ಸಂಬಂಧ. ಅದು ಕಾದು ಬಿಸಿಯಾಗುತ್ತದೆಂದು ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಮುಂದಿಟ್ಟರು. ಬೆಳಿಗ್ಗೆ ಒಂದೊಂದೇ ಮನೆಯನ್ನು ಚಾಲೂ ಮಾಡಲು ಒಂದು ತಾಸು ಬೇಕು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಊರವರ ಹದಿನಾಲ್ಕು ಮನಿ ಎಬ್ಬಸ್ತಾರ, ತಮ್ಮ ಮನೀಗಿ ಒಂದ ಕೊಡ ನೀರ ತರೂದಿಲ್ಲ" ಎನ್ನುತ್ತಿದ್ದಳು.

ಯಾವ ಮನೆಗೆ ಯಾವುದು ಕಾಣುತ್ತದೆಂದು ತಿಳಿಯಲು ಮಾಳಿಗೆ ಹತ್ತಬೇಕಲ್ಲ? ಸಂಡಿಗೆ, ಮೆಣಸಿನಕಾಯಿ ಒಣಗಿಸಿದವರಿಂದೆಲ್ಲ ಬೈಸಿಕೊಳ್ಳುತ್ತ ಕಾಕಾ ನಮ್ಮದೊಂದನ್ನು ಬಿಟ್ಟು ಎಲ್ಲರ ಮಾಳಿಗೆ ಹತ್ತಿದರು. ಒಂದು ಮನೆಯಲ್ಲಿ ದೂರ ನೋಡುತ್ತ ಹಿಂದೆ ಸರಿದು ಬೆಳಕಿಂಡಿಯಲ್ಲಿ ಕಾಲಿಟ್ಟರು. ಕೆಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ, ಮೇಲಿಂದ ಇಳಿದ ಕಾಲನ್ನು ನೋಡಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳಂತೆ: "ಯಾರದಪಾ ಕಾಲು?"

"ಸರ್ವೇದ್ದು ಐತಬೇ" ಎಂದರಂತೆ ಕಾಕಾ.

"ಹಂಗಾರ ಒಲಿ ಮ್ಯಾಲ ಇಡಬ್ಯಾಡ" ಎಂದಳಂತೆ ಮುದುಕಿ.

ಓಣಿ ತಯಾರಾದ ಮೇಲೆ ಪರೀಕ್ಷೆ. ದಿನಕ್ಕೊಂದು ಮನೆ ಬಂದ್ ಮಾಡುವುದು, ಉಳಿದವುಗಳಿಗೆ ಸುದ್ದಿ ಮುಟ್ಟುತ್ತದೋ ಇಲ್ಲವೋ ನೋಡುವುದು. ಇದನ್ನು ಸುಮ್ಮನೆ ಮಾಡಿದ್ದರೆ ನಡೆಯುತ್ತಿತ್ತು. ಆದರೆ ಕಾಕಾ ಕಟ್ಟೆಯ ಮೇಲೆ ಕೂತು ಹತ್ತು ಮಂದಿಯ ಮುಂದೆ, "ಇವತ್ತು ಗೌಡ್ರ ಮನಿ ಬಂದ್ ಮಾಡಿ ನೋಡಿದ್ನಿ, ಓಣಿಗೇನೂ ಫರಕ ಆಗಲಿಲ್ಲ" ಎಂದುಬಿಟ್ಟರು. ಸಂಜೆ ಗೌಡರು ರುಮಾಲು ಸುತ್ತಿಕೊಂಡು ಖುದ್ದು ಬಂದರು.

"ನಮ್ಮ ಮನಿ ಇರದಿದ್ರ ಓಣಿಗೆ ಫರಕಿಲ್ಲೇನ್ರೀ? ಏಳು ತಲಿಮಾರಿನ ಮನಿ ಅದು."

"ಗೌಡ್ರ, ಅದು ಸುಳ್ಳ ಮನಿರಿ."

"ಸುಳ್ಳ ಆದ್ರೇನ್ರಿ, ಹೆಸರು ನಮ್ಮದಲ್ಲ? ಬಂದ್ ಆದ್ರ ಒಂದ್ ನಾಕು ಮನೀಗರ ತ್ರಾಸ ಆಗಬೇಕ ನೋಡ್ರಿ."

ಈ ಸುದ್ದಿ ಹಬ್ಬಿದ್ದೇ ತಡ, ದಿನವೂ ಒಬ್ಬೊಬ್ಬರು ಬಂದು, "ನಮ್ಮನಿ ಬಂದ್ ಆದ್ರ ಎಷ್ಟ ಮನಿ ನಿಲ್ಲತಾವ್ರಿ?" ಎಂದು ಕೇಳತೊಡಗಿದರು. ಎರಡು ಎಂದರೆ ಮುಖ ಸಣ್ಣದಾಗುತ್ತಿತ್ತು, ಐದು ಎಂದರೆ ಮೀಸೆ ಮೇಲೇಳುತ್ತಿತ್ತು. ಬಲೆ ಗಟ್ಟಿಯಿದ್ದರೆ ಯಾವ ಮನೆ ಬಂದಾದರೂ ಏನೂ ಆಗಬಾರದು ಎಂಬುದನ್ನು ಯಾರಿಗೂ ತಿಳಿಸಲಾಗದೆ, ಕಾಕಾ ಎಲ್ಲರಿಗೂ ನಾಲ್ಕು ನಾಲ್ಕು ಮನೆ ಹಂಚಿ ಕಳಿಸಿದರು.

ಆದರೆ ಒಂದು ದಿನ ಅವರು ಕಟ್ಟೆಗೆ ಬರಲೇ ಇಲ್ಲ. ಅದರ ಮರುದಿನವೂ ಇಲ್ಲ. ನೋಡಲು ಹೋದರೆ ಕಂಪ್ಯೂಟರಿನ ಮುಂದೆ ಮಂಕಾಗಿ ಕೂತಿದ್ದರು. ಪರದೆಯ ಮೇಲೆ ಓಣಿಯ ನಕ್ಷೆ. ಅದರಲ್ಲಿ ಕಾಕಾನ ಮನೆಯ ಪಕ್ಕದ ನೀರಿನ ಟಾಕಿಯೇ ಮಾಯ.

"ಟಾಕಿ ಎಲ್ಲಿ ಹೋತ್ರಿ ಕಾಕಾ?"

"ಕೆಡವೇನಿ."

"ಹಿಂದಿನ ಅರಳಿ ಮಿಲ್ಲಿನ ಗ್ವಾಡಿ?"

"ಅದನ್ನೂ ಕೆಡವೇನಿ. ನಾಳೆ ಬೇವಿನ ಗಿಡ ಕಡಿಬೇಕು."

ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟರು. ಯಾರ ಮನೆ ಬಂದ್ ಮಾಡಿದರೂ ಓಣಿ ನಡೆಯುತ್ತಿತ್ತು. ನಮ್ಮಪ್ಪನ ಮನೆ ಬಂದ್ ಮಾಡಿದ ದಿನ ಮಾತ್ರ ಒಂದು ಮನೆ ಪೂರ್ತಿ ಕಡಿದುಹೋಯಿತು. ಅದು ಕಾಕಾನದೇ. ಒಂದು ಕಡೆ ಟಾಕಿ, ಹಿಂದೆ ಹತ್ತಿ ಮಿಲ್ಲಿನ ಎತ್ತರದ ಗೋಡೆ, ಮುಂದೆ ಬೇವಿನ ಮರ; ಅವರ ಮನೆಯಿಂದ ಸುದ್ದಿ ಹೊರಗೆ ಹೋಗಲು ಅಣ್ಣನ ಮಾಳಿಗೆಯೊಂದೇ ದಾರಿ. ಅಣ್ಣನನ್ನು ಒಂದು ಮಾತು ಕೇಳುವ ಬದಲು ಈ ಮನುಷ್ಯ ಅರ್ಧ ಊರು ಕೆಡವಿ ಕೂತಿದ್ದರು! ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

"ಕೇಳಿದ್ರ ಏನಾಗ್ತೈತ್ರಿ?"

"ಸಾಮಾನು ಮುಟ್ಟಬ್ಯಾಡ ಅಂದಾನಲ್ಲವ್ವಾ. ಮಾಳಿಗಿ ಸಾಮಾನಲ್ಲೇನು?"

ಆ ಸಂಜೆ ಕಟ್ಟೆಯ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಪಕ್ಕದ ಕಟ್ಟೆಯ ಮೇಲೆ ಕಾಕಾ ನೆಲ ನೋಡುತ್ತ ಕೂತಿದ್ದರು. ಅಪ್ಪ ಅಡಕೆ ಕತ್ತರಿಸುತ್ತ ನನ್ನ ಕಡೆ ತಿರುಗಿದ.

"ಟಾಕಿ ಕೆಡವ್ಯಾನಂತ. ಊರ ಮಂದಿ ನೀರ ಏನ್ ಕುಡಿಬೇಕ ಕೇಳು."

"ಅದು ಸುಳ್ಳ ಟಾಕಿ ಅಂತ ಹೇಳವ್ವಾ" ಎಂದರು ಕಾಕಾ.

"ಮಾಳಿಗಿ ಖರೇದ್ದ ಐತಿ ಅಂತ ಹೇಳು" ಎಂದ ಅಪ್ಪ. ಎದ್ದು ಒಳಗೆ ಹೋದ.

ಅದಾಗಿ ಎರಡು ತಿಂಗಳಿಗೆ ಡಬ್ಬಿಗಳು ಬಂದವು. ಕಾಕಾ ನಮ್ಮ ಹೊಸ್ತಿಲು ತುಳಿಯದೆ, ತಮ್ಮ ಮಾಳಿಗೆಯ ಮೇಲಿಂದಲೇ ನಮ್ಮ ಮಾಳಿಗೆಯಲ್ಲಿ ಡಬ್ಬಿ ಕೂಡಿಸುವ ಪೈಪಿನ ಕೆಲಸ ಮಾಡಿಸಿದರು. ತಾವು ಮುಟ್ಟಲಿಲ್ಲ. "ಎಡಕ್ಕ ತಿರುವು ಅಂತ ಹೇಳು" ಎಂದು ಅವರು, "ತಿರುವೇನಿ ಅಂತ ಹೇಳು" ಎಂದು ಅಪ್ಪ. ಬಿಸಿಲಲ್ಲಿ ನಡುವೆ ನಿಂತು ಬೆಂದವಳು ನಾನು. ಡಬ್ಬಿಯ ಸ್ವಿಚ್ಚು ಒಳಗೆ, ಅಜ್ಜನ ರೇಡಿಯೋ ಇಟ್ಟ ಗೂಡಿನ ಪಕ್ಕದಲ್ಲೇ ಬಂತು.

ಕೊನೆಗೆ ಖರೇ ಪರೀಕ್ಷೆಯ ದಿನ. ಕಾಕಾ ಮನೆಮನೆಗೆ ಹೋಗಿ ಒಂದೊಂದೇ ಸ್ವಿಚ್ಚು ಆರಿಸಿ ನೋಡಿದರು. ಗೌಡರ ಮನೆಯದನ್ನೂ ಬಿಡಲಿಲ್ಲ. ಅಪ್ಪ ಅಂದು ಮುಂಜಾನೆಯೇ ಇಸ್ತ್ರಿಯ ಅಂಗಿ ತೊಟ್ಟು ಪಡಸಾಲೆಯಲ್ಲಿ ಕಾದು ಕೂತಿದ್ದ. ಮಧ್ಯಾಹ್ನವಾಯಿತು, ಸಂಜೆಯಾಯಿತು, ನಮ್ಮ ಮನೆಗೆ ಮಾತ್ರ ಅವರು ಬರಲಿಲ್ಲ. ಬಾಗಿಲ ಮುಂದೆ ಹಾದು ಹೋಗುವಾಗ ಅಪ್ಪ ತಡೆಯಲಾರದೆ ಎದ್ದು ಬಂದ.

"ಎಲ್ಲಾರ ಮನೀದು ಬಂದ್ ಮಾಡಿ ನೋಡಿದ. ನಮ್ಮದೊಂದ ಯಾಕ ಬಿಟ್ಟ ಕೇಳು."

ನಾನು ಬಾಯಿ ತೆರೆಯುವ ಮೊದಲೇ ಕಾಕಾ ನಿಂತರು. ನನ್ನ ಕಡೆ ನೋಡಲಿಲ್ಲ.

"ಅಣ್ಣಾ, ನಿನ್ನ ಮನಿ ಬಂದ್ ಆದ್ರ ನಾ ಒಬ್ಬಂವನ ಉಳಿತೇನಿ. ಪರೀಕ್ಷಾ ಮಾಡಿ ನೋಡೇನಿ."

ಅಪ್ಪ ರೂಢಿಯಂತೆ ನನ್ನ ಕಡೆ ತಿರುಗಿದ. "ಅವನಿಗೆ ಹೇಳು" ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಕಣ್ಣು ತುಂಬಿದ್ದವು, ನನ್ನವೂ ತುಂಬಿದ್ದವು. ಮತ್ತೆ ತಮ್ಮನ ಕಡೆ ತಿರುಗಿದ.

"ಒಳಗ ಬಾ" ಎಂದ. "ಆ ರೇಡಿಯೋನೂ ಒಮ್ಮಿ ಬಿಚ್ಚಿ ನೋಡು."