ಗೇಟಿನ ಮೇಲಿನ ಮುಖ

ಕೋಪ ಬರುವುದಕ್ಕೆ ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಆದರೆ ಈ ಸಲ ನನ್ನ ಹತ್ತಿರ ಕಾರಣವೂ ಇತ್ತು. ಸೂಳಗಿರಿಯಲ್ಲಿ ಹೊಸ ಮನೆ ಕಟ್ಟಿಸಿದ್ದೆ. ಜನರ ಕಣ್ಣು ಬೀಳದಿರಲೆಂದು ಗೇಟಿಗೆ ಒಂದು ದೃಷ್ಟಿಬೊಂಬೆ ತರಲು, ಹೈವೇ ಪಕ್ಕದ ಹುಣಸೆಮರದಡಿ ತಗಡಿನ ಮೇಲೆ ರಾಕ್ಷಸರ ಮುಖ ಬರೆದು ಮಾರುವ ಮುನಿರಾಜನ ಬಳಿ ಹೋದೆ. ಎಲ್ಲವೂ ಒಂದೇ ಮುಖ. ಬೀಗರನ್ನು ಬರಮಾಡಿಕೊಳ್ಳುವವರ ಹಾಗೆ ಹಲ್ಲು ಕಿರಿಯುತ್ತಿದ್ದವು. "ಇದನ್ನ ನೋಡಿದ್ರೆ ಕಳ್ಳನೂ ಒಳಗ್ ಬಂದು ಕಾಫಿ ಕೇಳ್ತಾನಯ್ಯಾ! ಯಾರ್ ಮನೇಲೂ ಇರ್ಬಾರ್ದು, ಅಂಥದ್ ಬರಿ" ಎಂದು ರೇಗಿದೆ. "ಆಗ್ಲಿ ಸಾರ್, ಇನ್ನೊಬ್ರ್ ಮನೇಲಿದ್ರೆ ಕೇಳಿ" ಎಂದು ಅವನು ಬರೆಯಲು ಕುಳಿತ. ಮುಗಿಯುವವರೆಗೂ ನಾನು ಬಿಸಿಲನ್ನು, ಲಾರಿಗಳ ಹಾರನ್ನನ್ನು, ಅವನ ನಿಧಾನವನ್ನು ಬಯ್ಯುತ್ತ ಎದುರಿಗೇ ನಿಂತಿದ್ದೆ.

ಬೊಂಬೆ ಭಯಂಕರವಾಗಿತ್ತು. ಎಡಹುಬ್ಬು ಹಣೆಯವರೆಗೆ ಹತ್ತಿತ್ತು, ಮೂಗಿನ ಪಕ್ಕ ಒಂದು ಮಚ್ಚೆ. ರಾಕ್ಷಸನಿಗೇಕೆ ಮಚ್ಚೆ ಎಂದು ಕೇಳಲಿಲ್ಲ. ಹೊಸತು ಬೇಕೆಂದವನು ನಾನೇ. ಗೇಟಿಗೆ ಕಟ್ಟಿ, ಇಂಥದ್ದು ಇರುವುದು ಒಂದೇ ಪೀಸು ಎಂದು ಕಂಡವರಿಗೆಲ್ಲ ಹೇಳಿದೆ. ಕೆಲವೇ ದಿನಗಳಲ್ಲಿ ಅದೇ ಹುಬ್ಬು, ಅದೇ ಮಚ್ಚೆ ಎದುರುಮನೆಯ ಗೇಟಿನಲ್ಲಿ! ಆಮೇಲೆ ಸಿಮೆಂಟ್ ಅಂಗಡಿಯ ಶಟರಿನ ಮೇಲೆ. ಹೊಸೂರಿಗೆ ಬಸ್ಸಿನಲ್ಲಿ ಹೊರಟರೆ, ದಾರಿಯುದ್ದಕ್ಕೂ ಅರ್ಧ ಕಟ್ಟಿದ ಮನೆಗಳಿಂದ ಅದೇ ಮುಖ ನನ್ನನ್ನು ಗುರಾಯಿಸುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಬೊಂಬೆ ಬಿಚ್ಚಿಕೊಂಡು ಹೊರಟೆ. ನನ್ನ ಹೆಂಡತಿ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದಳು. "ಅದನ್ನ ಮುಖದ್ ಪಕ್ಕ ಹಿಡ್ಕಂಡ್ ಮಾತ್ರ ಜಗಳ ಆಡ್ಬ್ಯಾಡಿ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅರ್ಥವಾಗಲಿಲ್ಲ. ಅದಕ್ಕೂ ಕೋಪ ಬಂತು.

ಮುನಿರಾಜನ ಮುಂದೆ ತಗಡನ್ನು ಮುಖದ ಪಕ್ಕಕ್ಕೇ ಎತ್ತಿ ಹಿಡಿದು ಕೂಗಾಡಿದೆ. "ಊರಿಗೆಲ್ಲ ಹಂಚ್ಬುಟ್ಟಿದ್ದೀಯಲ್ಲಾ! ಎಲ್ಲಿಂದ ಕದ್ದೆ ಈ ಮುಖಾನ?"

"ಕದ್ದಿಲ್ಲ ಸಾರ್. ಆವತ್ತು ನೀವು ಎದುರ್ಗೇ ನಿಂತು ಬಯ್ತಿದ್ರಲ್ಲ, ನೋಡ್ಕಂಡ್ ಬರ್ದೆ. ಈಗ ಅಂಚೆಟ್ಟಿ ಊರ್ ಕಡೆಯೋರೂ ಇದನ್ನೇ ಕೇಳ್ತಾವ್ರೆ."

ನನ್ನ ಕೈ ತಾನಾಗಿ ಮೂಗಿನ ಪಕ್ಕದ ಮಚ್ಚೆಗೆ ಹೋಯಿತು. ಒಂದನ್ನೂ ಬಿಡದೆ ಅಳಿಸಬೇಕೆಂದು ಇನ್ನಷ್ಟು ಅಬ್ಬರಿಸಿದೆ. ಅವನು ಹೊಸ ತಗಡೊಂದನ್ನು ಎಳೆದುಕೊಂಡು, "ಹಂಗೇ ಇರಿ ಸಾರ್, ಆವತ್ತಿಗಿಂತ ಇವತ್ತು ಮುಖ ಇನ್ನೂ ಚೆನ್ನಾಗೈತೆ" ಎಂದ.

ನನ್ನ ಮುಖ ಚೆನ್ನಾಗಿದೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಅಲುಗಾಡದೆ ನಿಂತೆ. ಸ್ವಲ್ಪ ಹೊತ್ತಿಗೆ ಅವನೇ ಬ್ರಷ್ ಕೆಳಗಿಟ್ಟು ಸಿಡುಕಿದ:

"ಏನ್ ಸಾರ್ ನೀವು, ನಗ್ತಾ ಇದ್ದೀರಿ! ಹಿಂಗಾದ್ರೆ ಯಾಪಾರ ಆಯ್ತದಾ?"