ಬಾಯಾಗ ತರಬಾರದ ಶಬ್ದ

ಎಲ್ಲಕ್ಕೂ ಮೂಲ ಐದು ವರ್ಷದ ಶರ್ವರಿ. ಹೋಳಿಹುಣ್ಣಿಮೆ ಹತ್ತಿರ ಬಂದಿತ್ತು. ಬೈಲಹೊಂಗಲದ ಆ ಓಣಿಯಲ್ಲಿ ಹುಡುಗರು ಹಲಗಿ ಬಡಿಯುತ್ತ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತ, ಕಂಡಕಂಡವರನ್ನು ಬೈಯುತ್ತ ತಿರುಗುತ್ತಿದ್ದರು. ಮನೆಯಲ್ಲಿ ಧಾರವಾಡದ ಬೀಗರು ಊಟಕ್ಕೆ ಕುಳಿತಿದ್ದಾಗ ಈ ಕೂಸು ಸಾರಿನ ಬಟ್ಟಲು ಪಕ್ಕಕ್ಕಿಟ್ಟು, ಕಿಟಕಿಯಿಂದ ತೂರಿಬಂದಿದ್ದ ಒಂದು ಶಬ್ದವನ್ನು ಸ್ವಚ್ಛ ಉಚ್ಚಾರದಲ್ಲಿ ಹೇಳಿ, "ಅಜ್ಜಾ, ಹಂಗಂದರ ಏನು?" ಎಂದು ಕೇಳಿತು. ಬೀಗರ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅಜ್ಜ ವೆಂಕಣ್ಣನಿಗೆ ತಾಟು ಎತ್ತಿಕೊಂಡು ಹಿತ್ತಲಿಗೆ ಓಡಿಹೋಗಬೇಕೆನಿಸಿತು.

ವೆಂಕಣ್ಣನಿಗೆ ಇದ್ದ ದೊಡ್ಡ ಆಸ್ತಿ ಎಂದರೆ ಅವನ ಹೆಸರು. ಪೇಟೆಯಲ್ಲಿ ಚಷ್ಮಾ ಅಂಗಡಿ. ಗಿರಾಕಿಗಳು ತಾವೇ ಚಷ್ಮಾದ ಮೇಲೆ ಕುಳಿತು ಮುರಿದು, ಆಮೇಲೆ ಅವನ ಮೇಲೆ ಏರಿಬಂದರೂ ಅವನ ಬಾಯಿಂದ "ಎಲಾ ಇವನ!" ಎಂಬುದಕ್ಕಿಂತ ಹೆಚ್ಚಿನದು ಹೊರಟಿರಲಿಲ್ಲ. ಜಗಳ ಬಿಡಿಸಲು, ಮದುವೆ ಕೂಡಿಸಲು ಓಣಿಯವರು ಅವನನ್ನೇ ಕರೆಯುತ್ತಿದ್ದರು. ಆ ಹೆಸರನ್ನು ಅವನಿಗಿಂತ ಜೋಪಾನವಾಗಿ ಕಾಪಾಡಿದವಳು ಹೆಂಡತಿ ರಾಧಾಬಾಯಿ. ಗಂಡನ ಹೆಸರು ಹೇಳಬಾರದೆಂದು ತವರಿನಲ್ಲಿ ಕಲಿಸಿದ್ದನ್ನು ಅವಳು ಬಿಟ್ಟಿರಲಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನೆಂದು ಕೇಳಿದರೂ "ತಿರುಪತಿ ಗುಡ್ಡದ ಮ್ಯಾಲಿನ ದೇವರ ಹೆಸರ್ರೀ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹುಣ್ಣಿಮೆಯ ಮುಂಜಾನೆ ಠಾಣೆಯ ಅಂಗಳದಲ್ಲಿ ಶಾಂತಿಸಭೆ. ಹಬ್ಬ ಬಂದರೆ ಓಣಿಓಣಿಯ ಹಿರಿಯರನ್ನು ಕರೆಸಿ, ಚಹಾ ಕುಡಿಸಿ, ಗಲಾಟೆ ಬೇಡ ಎಂದು ಪೊಲೀಸರು ಹೇಳುವುದು ರೂಢಿ. ಹಿರಿಯರು ಚಹಾ ಕುಡಿದು "ಆತ್ರಿ" ಎಂದು ಎದ್ದುಬರುವುದೂ ರೂಢಿ. ಈ ಸಲ ಚಹಾ ಬರುವ ಮೊದಲೇ ವೆಂಕಣ್ಣ ಮೈಕಿನ ಮುಂದೆ ನಿಂತಿದ್ದ.

"ಬಣ್ಣ ಆಡ್ರಿ, ಹಲಗಿ ಬಾರಸ್ರಿ, ಯಾರು ಬ್ಯಾಡ ಅಂದಾರ? ಆದ್ರ ಹೊಲಸು ಮಾತು ಬ್ಯಾಡ. ಮನ್ಯಾಗ ಸಣ್ಣ ಮಕ್ಕಳಿರತಾವ. ಮಾತಿಗೂ ಒಂದು ಮರ್ಯಾದಿ ಅದನೋ ಇಲ್ಲೋ?"

ಅವನ ಮನೆಯ ಎದುರಿಗೇ ಕಿರಾಣಿ ಅಂಗಡಿ ಇಟ್ಟಿದ್ದ ರಾಮಲಿಂಗಪ್ಪ ಎದ್ದ. ವೆಂಕಣ್ಣ ಹೌದು ಎಂದದ್ದಕ್ಕೆ ಅಲ್ಲ ಎನ್ನುವುದು ಅವನಿಗೆ ಮುಂಜಾನೆಯ ಚಹಾದಷ್ಟೇ ಅಗತ್ಯ.

"ವರ್ಷಾನುಗಟ್ಟಲೆ ಹೊಟ್ಟ್ಯಾಗ ಇಟ್ಕೊಂಡದ್ದು ಒಂದ ದಿನಾ ಹೊರಗ ಬರತೈತ್ರಿ. ಅವತ್ತ ಸಾವ್ಕಾರಗೂ ಬೈತಾರ, ಸಾಲಿ ಮಾಸ್ತರಗೂ ಬೈತಾರ, ನನಗೂ ಬೈತಾರ. ಮರುದಿನ ಅದ ಹುಡುಗರು ಬಂದು ನನ್ನ ಅಂಗಡ್ಯಾಗ ಸಕ್ಕರಿ ಒಯ್ತಾರ. ಬಾಯಿ ಕಟ್ಟಿದ್ರ ಹೊಟ್ಟಿ ಉಬ್ಬತೈತಿ. ಮಾತಾಡೋದು ಮನಷ್ಯಾನ ಹಕ್ಕ ಐತ್ರಿ!"

"ಮಾತಾಡೋದು ಹಕ್ಕು. ಬೈಯೋದೂ ಹಕ್ಕೇನು?"

"ನಿಮಗ ಚಲೋ ಅನಿಸಿದ್ದಷ್ಟ ಅನ್ನಾಕ ಹಕ್ಕ ಯಾಕ ಬೇಕ್ರಿ? ಅದು ಹಂಗೂ ನಡೀತೈತಿ!"

ಜನ ಚಪ್ಪಾಳೆ ತಟ್ಟಿದರು. ವೆಂಕಣ್ಣ ಉತ್ತರ ಹೇಳುವ ಮೊದಲೇ ಪಿಎಸ್‌ಐ ಶೀತಲ ಮೇಡಮ್ ಕೈ ಎತ್ತಿದರು. ವಯಸ್ಸಿನಲ್ಲಿ ಸಣ್ಣವರು, ಕೆಲಸದಲ್ಲಿ ಕಟ್ಟುನಿಟ್ಟು.

"ಕುಂತ್ರಿ ರಾಮಲಿಂಗಪ್ಪಾರ. ವೆಂಕಣ್ಣಾರ, ನೀವು ಹೇಳೋದು ಬರೋಬ್ಬರಿ ಐತಿ. ಆದ್ರ ಯಾವ ಯಾವ ಶಬ್ದ ಬ್ಯಾಡ ಅಂತೀರಿ? ಬರೇ ಹೊಲಸು ಮಾತು ಅಂದ್ರ ನಾ ಹುಡುಗರಿಗೆ ಏನಂತ ತಾಕೀತು ಮಾಡ್ಲಿ?"

ವೆಂಕಣ್ಣ ಪೇಚಿಗೆ ಸಿಕ್ಕಿದ. ಎದುರಿಗೆ ಹೆಣ್ಣುಮಗಳು, ಅದರ ಮೇಲೆ ಪೊಲೀಸು.

"ಅಂದ್ರ… ಒಂದು ತಾಯಿಗೆ ಸಂಬಂಧಪಟ್ಟದ್ದು ಅದರಿ."

"ತಾಯಿಗೆ ಸಂಬಂಧಪಟ್ಟವು ಭಾಳ ಅದಾವ್ರಿ," ಎಂದು ಹಿಂದಿನಿಂದ ಯಾರೋ ಕೂಗಿದರು. "ಯಾವುದು?"

"ಇನ್ನೊಂದರಾಗ… ಹಂದಿ ಬರತದ."

ಹಲಗಿ ಬಾರಿಸುವವರ ಮುಂದಾಳು ಯಮನಪ್ಪ ಭಕ್ತಿಯಿಂದ ಎದ್ದುನಿಂತ. "ಹಂದಿ ಬ್ಯಾಡಂದ್ರ ಎಮ್ಮಿ ನಡೀತೈತೇನ್ರಿ?"

ಸಭೆ ಗೊಳ್ಳೆಂದಿತು. ರಾಮಲಿಂಗಪ್ಪ ಆ ನಗೆಯ ಮೇಲೆ ಇನ್ನಷ್ಟು ಎಣ್ಣೆ ಸುರಿದ. "ಅನ್ನಾಕ ಬಾಯಿ ಬರವಲ್ದು, ಬಂದ್ ಮಾಡಸಾಕ ಬಂದಾರ!"

ಇದು ನಾಟಿತು. ಸಾಧುವಿಗೆ ಸಿಟ್ಟು ಬಂದರೆ ಕಷ್ಟ. ವೆಂಕಣ್ಣ ಮಗ್ಗಿ ಒಪ್ಪಿಸುವ ಹುಡುಗನಂತೆ ಕೈಕಟ್ಟಿ, ಕಣ್ಣು ಮುಚ್ಚಿ, ಶುರುಮಾಡಿದ.

ಮೊದಲನೆಯದು ಕಷ್ಟಪಟ್ಟು ಬಂತು. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ಮೂರನೆಯದು ನಾಲ್ಕನೆಯದರ ಕೈಹಿಡಿದುಕೊಂಡೇ ಹೊರಬಂತು. ಇಷ್ಟು ವರ್ಷದ ಹೋಳಿಗಳಲ್ಲಿ ಕಿಟಕಿಯಿಂದ ಒಳಬಂದದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಸಾಲಾಗಿ ಕೂತಿತ್ತು. ಓಣಿಯದು ಮುಗಿದ ಮೇಲೆ ಸಂತೆಯದು ಬಂತು, ಸಂತೆಯದು ಮುಗಿದ ಮೇಲೆ ಬಸ್ಸಿನಲ್ಲಿ ಕೇಳಿದ್ದು ಬಂತು. ಕಟ್ಟಕಡೆಗೆ, ಮಡಿಯಲ್ಲಿದ್ದಾಗ ಬಂದು ಮುಟ್ಟಿದ ಬೆಕ್ಕಿಗೆ ರಾಮದುರ್ಗದ ಅವನ ಅಜ್ಜಿ ಬೈಯುತ್ತಿದ್ದ ಒಂದು ಮಾತು, ತನ್ನ ಮುಂಜಿಗೂ ಮೊದಲು ಕೇಳಿದ್ದು, ತಾನಾಗಿ ನಾಲಿಗೆಯ ಮೇಲೆ ಬಂದು ನಿಂತಿತು. ಅದನ್ನೂ ಅಂದ. ಅವನ್ನೆಲ್ಲ ಇಲ್ಲಿ ಬರೆಯುವಷ್ಟು ಧೈರ್ಯ ಈ ಕತೆ ಹೇಳುವವನಿಗಿಲ್ಲ.

ಕಣ್ಣು ತೆರೆದ. ಮೈಕಿನ ಭೋಂಗಾ ರಸ್ತೆಯ ಕಡೆ ಮುಖಮಾಡಿತ್ತು. ಯರಗಟ್ಟಿ ಬಸ್ಸಿನಿಂದ ಇಳಿದವರು ಗಂಟುಮೂಟೆ ಹಿಡಿದುಕೊಂಡು ಗೇಟಿನ ಬಳಿ ನಿಂತುಬಿಟ್ಟಿದ್ದರು. ಹತ್ತಾರು ಮೊಬೈಲುಗಳು ಅವನನ್ನೇ ನೋಡುತ್ತಿದ್ದವು. ಆಮೇಲೆ ಒಂದು ಸಿಳ್ಳೆ, ಅದರ ಹಿಂದೆ ಸಿಳ್ಳೆಗಳ ಸುರಿಮಳೆ. ಮೇಡಮ್ ಅವರ ಕಿವಿ ಕೆಂಪಾಗಿತ್ತು.

"ಸಾಕ್ರಿ ಸರ, ತಿಳೀತು. ಎಲ್ಲಾರೂ ಕೇಳಿದ್ರಿಲ್ಲ? ವೆಂಕಣ್ಣಾರು ಅಂದದ್ರಾಗ ಒಂದೂ ಯಾರೂ ಅನ್ನೂಹಂಗಿಲ್ಲ. ಅಂದ್ರ ಕೇಸ್ ಹಾಕತೇನಿ."

ವೆಂಕಣ್ಣ ಗೆದ್ದಿದ್ದ. ಆದರೂ ಅಂಗಡಿಯ ತನಕ ತಲೆ ಎತ್ತಲಾಗಲಿಲ್ಲ. ಪ್ರತಿ ಚಹಾದಂಗಡಿಯ ಮೊಬೈಲಿನಿಂದಲೂ ಅವನದೇ ದನಿ ಕೇಳಿಬರುತ್ತಿತ್ತು. ಅವನನ್ನು ಹೆಚ್ಚು ಸುಟ್ಟದ್ದು ಅದಲ್ಲ. ನಾಲ್ಕನೆಯ ಶಬ್ದದ ನಂತರ ಬಾಯಿಗೆ ರುಚಿ ಹತ್ತಿತ್ತು. ಅದನ್ನು ಬೇರೆಯವರು ಅರಿಯದಿದ್ದರೂ ಅವನು ಅರಿತಿದ್ದ.

ಅಂಗಡಿಯಲ್ಲಿ ಯಮನಪ್ಪ ಆಗಲೇ ಬಂದು ಕೂತಿದ್ದ.

"ಚಷ್ಮಾ ಬೇಕೇನೋ?"

"ಹೂಂರಿ. ಅಲ್ರಿ. ಆ ಕಡೀದು ಅಂದ್ರೆಲ್ಲ, ಬೆಕ್ಕಿಂದು, ಅದೊಂದು ಮತ್ತೊಮ್ಮಿ ಅನ್ರಿ. ವಿಡಿಯೋದಾಗ ಸಿಳ್ಳಿ ಹೊಡದಾರ, ಬರೋಬ್ಬರಿ ಕೇಳವಲ್ದು. ನಮ್ಮ ಕಡೆ ಅಂಥಾದ್ದು ಇಲ್ಲ ನೋಡ್ರಿ."

"ಅದು ಬಂದ್ ಆಗೇದಲ್ಲೋ!"

"ಅನ್ನಾಕಲ್ರಿ. ತಪ್ಪಿ ಬಾಯಾಗ ಬಂದೀತಂತ ಮದಲ ತಿಳ್ಕೊಂಡಿರಾಕ."

ವೆಂಕಣ್ಣ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ. ರಾಧಾಬಾಯಿ ತಾಟಿಗೆ ಹೋಳಿಗೆ ಬಡಿಸಿದಳು. ತುಪ್ಪ ಹಾಕುತ್ತ ಹೇಳಿದಳು: "ಬೀಗರು ಫೋನ್ ಮಾಡಿದ್ರು. ಕೂಸಿಗೆ ಅಂಥಾ ಮಾತು ಎಲ್ಲಿಂದ ಬಂತು ಅಂತ ಈಗ ತಿಳೀತಂತ."

ವೆಂಕಣ್ಣ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಆಗಲಿ, ಸಂಜೆಗಾದರೂ ಓಣಿ ಸ್ವಚ್ಛವಾಗಿರುತ್ತದೆ, ಮಾನ ಹೋದರೂ ಕೆಲಸವಾಯಿತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಟ್ಟೆಯ ಮೇಲೆ ಕುಳಿತ.

ಹೊತ್ತು ಇಳಿಯುತ್ತಿದ್ದಂತೆ ಹಲಗಿ ಬಂತು. ಹಿಂದೆ ಹುಡುಗರ ಹಿಂಡು. ಕಾಮಣ್ಣನನ್ನು ಕೂರಿಸಿದ ಮೂಲೆಯಲ್ಲಿ ನಿಂತು ಬಾಯಿ ಬಡಿದುಕೊಳ್ಳತೊಡಗಿದರು. ವೆಂಕಣ್ಣ ಕಿವಿಗೊಟ್ಟು ಕೇಳಿದ. ತಾಯಿ ಇಲ್ಲ, ಹಂದಿ ಇಲ್ಲ, ಎಮ್ಮೆಯೂ ಇಲ್ಲ. ಎದೆ ಹಗುರಾಯಿತು. ಅಷ್ಟರಲ್ಲಿ ಯಮನಪ್ಪನ ದನಿ ಎದ್ದಿತು.

"ಲೇ, ವೆಂಕಣ್ಣನ ಮಗನ!"

ಒಳಗಿದ್ದ ಸ್ವಂತ ಮಗ, ಶರ್ವರಿಯ ಅಪ್ಪ ಸಮೀರ ತನ್ನನ್ನೇ ಕರೆದರೆಂದು "ಓ, ಬಂದೆ" ಎನ್ನುತ್ತ ಹೊರಬಂದ. ಹುಡುಗರು ಅವನ ಕಡೆ ನೋಡಲೂ ಇಲ್ಲ. ಅವರ ಬೈಗುಳ ಇದ್ದದ್ದು ಸಾವ್ಕಾರನಿಗೆ, ಮಾಸ್ತರನಿಗೆ, ರಾಮಲಿಂಗಪ್ಪನಿಗೆ. "ನಿನ್ನ ಬಾಯಾಗ ವೆಂಕಣ್ಣನ್ನ ಹಾಕ!" "ಥೂ, ವೆಂಕಣ್ಣ!" ಲಬೋ ಲಬೋ ಲಬೋ.

ವೆಂಕಣ್ಣ ಧೋತರ ಹಿಡಿದುಕೊಂಡು ಓಡಿದ. "ಏನೋ ಇದು ಯಮನಪ್ಪಾ?"

"ನೀವು ಅಂದದ್ದು ಒಂದೂ ಅನ್ನವಲ್ವಿರಿ," ಎಂದ ಯಮನಪ್ಪ, ನಿಜವಾದ ವಿನಯದಿಂದ. "ಆದ್ರ ಜಾಗಾ ಖಾಲಿ ಉಳೀತು. ಖಾಲಿ ಬಿಟ್ರ ಹಲಗಿ ತಾಳ ತಪ್ಪತೈತಿ. ಅದಕ್ಕ ಅಲ್ಲೆಲ್ಲಾ ನಿಮ್ಮ ಹೆಸರು ಹಾಕೀವಿ. ಚಲೋ ಹೆಸರಲ್ರಿ?"

ವೆಂಕಣ್ಣ ಠಾಣೆಗೆ ಫೋನ್ ಮಾಡಿದ.

"ಮೇಡಮ್, ನಮ್ಮ ಓಣ್ಯಾಗ ಹೊಲಸು ಬೈಲಿಕ್ಕೆ ಹತ್ಯಾರ."

"ಹೌದ್ರಿ? ಯಾವ ಶಬ್ದ ಅಂತಾರ?"

ಅವನು ಸುತ್ತ ನೋಡಿದ. ಓಣಿಯೇ ಕಿವಿಯಾಗಿ ನಿಂತಿತ್ತು. ಮುಂಜಾನೆ ಅಷ್ಟೆಲ್ಲ ಅಂದ ನಾಲಿಗೆಗೆ ಈಗ ಇದೊಂದು ಭಾರವಾಯಿತು.

"ವೆಂಕಣ್ಣ."

"ನಿಮ್ಮ ಹೆಸರು ಗೊತ್ತೈತ್ರಿ ಸರ. ಅವರು ಅನ್ನೋ ಶಬ್ದ ಕೇಳಿದ್ನಿ."

"ಅದ ಶಬ್ದರಿ."

ಆ ಕಡೆ ಮೇಡಮ್ ನಗು ತಡೆದುಕೊಂಡರೋ, ಕಾಯಿದೆ ನೆನಪಿಸಿಕೊಂಡರೋ ಹೇಳುವುದು ಕಷ್ಟ. "ಸರ, ಮುಂಜಾನೆ ನೀವು ಅಂದದ್ರಾಗ ಅದು ಇರಲಿಲ್ಲಲ್ರಿ."

ರಾಮಲಿಂಗಪ್ಪ ತನ್ನ ಅಂಗಡಿಯ ಮೆಟ್ಟಿಲಿನಿಂದ ಕರೆದ. ದನಿಯಲ್ಲಿ ಕುಹಕಕ್ಕಿಂತ ಮರುಕವೇ ಹೆಚ್ಚಿತ್ತು. "ಬಿಡ್ರಿ ವೆಂಕಣ್ಣಾರ. ಬೈಗಳದ ದಾರಿಗೆ ಬೇಲಿ ಹಾಕಿದ್ರಿ. ಅದೀಗ ನಿಮ್ಮ ಮನಿ ಒಳಗ ಹಾದು ಹೊಂಟೈತಿ. ನಾಳಿ ಬಣ್ಣಾ ತೊಳ್ಕೊಂಡ್ರ ಹೋಗತೈತಿ."

ಹೋಗುತ್ತದೆಯೆಂದು ನಂಬಿಯೇ ವೆಂಕಣ್ಣ ಮನೆಯೊಳಗೆ ಕಾಲಿಟ್ಟ. ನಡುಮನೆಯಲ್ಲಿ ಶರ್ವರಿಗೂ ಪಕ್ಕದ ಮನೆಯ ಹುಡುಗನಿಗೂ ಪಿಚಕಾರಿಗಾಗಿ ಜಗ್ಗಾಟ ನಡೆದಿತ್ತು. ಹುಡುಗ ಬಿಡಲೊಲ್ಲ. ಕೂಸು ಸಿಟ್ಟಿನಿಂದ ಮುಖ ಕೆಂಪಗೆ ಮಾಡಿಕೊಂಡು, ಕಾಲು ಅಪ್ಪಳಿಸಿ ಚೀರಿತು.

"ಕೊಡಲೇ, ವೆಂಕಣ್ಣ!"

ಅಡಿಗೆಮನೆಯಿಂದ ರಾಧಾಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಾಗಿಲಲ್ಲಿ ನಿಂತ ವೆಂಕಣ್ಣ ಆಸೆಯಿಂದ ಅವಳ ಮುಖ ನೋಡಿದ. ಇವಳಾದರೂ ಕೂಸಿಗೆ ಅದು ನಿನ್ನ ಅಜ್ಜನ ಹೆಸರು, ಬೈಗುಳವಲ್ಲ ಎಂದು ಹೇಳಿಯಾಳು.

ರಾಧಾಬಾಯಿ ಮೊಮ್ಮಗಳ ಬಾಯಿ ಮುಚ್ಚಿದಳು.

"ಛೀ! ಅಂಥಾ ಶಬ್ದ ಬಾಯಾಗ ತರಬಾರದವಾ. ನನ್ನ ನೋಡು, ಲಗ್ನ ಆದಾಗಿಂದ ಎಂಥಾ ಸಿಟ್ಟು ಬಂದ್ರೂ ಒಂದ ಸಲಾನೂ ಅಂದಿಲ್ಲ."