ನಮ್ಮ ಗೋಡೆಯ ಮೇಲಿನ ರಾಮೇಶ್ವರ

ಊರಿಗೆಲ್ಲ ಬಟ್ಟೆ ಹೊಲಿಯುವವನ ಅಂಗಿಗೆ ಗುಂಡಿ ಇರುವುದಿಲ್ಲ, ಔಷಧ ಕೊಡುವವನ ಮನೆಯ ಕೆಮ್ಮು ವಾಸಿಯಾಗುವುದಿಲ್ಲ. ಇಂಥ ಮಾತು ಕೇಳಿದಾಗಲೆಲ್ಲ ನಾನು ಮೀಸೆಯೊಳಗೇ ನಗುತ್ತಿದ್ದೆ. ನಾನು ಗೌಂಡಿ, ಮನೆ ಕಟ್ಟುವವನು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಗಾರೆ ಮೆತ್ತುವ ಥಾಪಿ ಹಿಡಿದವನು, ಹಿಡಿದ ಥಾಪಿಯನ್ನು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ ಬಿಟ್ಟವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನೊಳಗೆ ನಾನು ಗಾರೆ ಬಳಿದು ಗಿಲಾವು ಮಾಡಿದ ಒಂದು ಗೋಡೆ ಬೆವರಿದ್ದು ತೋರಿಸಿದರೆ ಅವತ್ತೇ ಥಾಪಿ ಕೆಳಗಿಡುತ್ತೇನೆ ಎಂದು ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನನ್ನ ಸ್ವಂತ ಮನೆಯ ಪಡಸಾಲೆಯ ಗೋಡೆ, ದೇವರ ಗೂಡಿನ ಎಡಮಗ್ಗುಲಿಗೆ, ಬೆವರುತ್ತದೆ. ಈ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ಮಳೆಗಾಲ ಬೇಕಾದವು.

ಬೆವರುವುದೆಂದರೆ ಸುಮ್ಮನೆ ಬೆವರುವುದಲ್ಲ. ಮಳೆಗಾಲದ ಗಾಳಿ ಬೀಸಿದ ಕೂಡಲೇ ಅಲ್ಲೊಂದು ಕಪ್ಪು ತೇವ ಏಳುತ್ತದೆ. ಬೇಸಿಗೆ ಬಂದರೆ ತೇವ ಇಂಗಿ, ಅಂಚಿನಲ್ಲಿ ಬಿಳಿಯ ಪುಡಿ ನೊರೆಯಂತೆ ಉಳಿಯುತ್ತದೆ. ಮಧ್ಯಾಹ್ನ ರೊಟ್ಟಿ ತಿಂದು, ಕೌದಿಯ ಮೇಲೆ ಅಡ್ಡಾಗಿ, ಕಣ್ಣು ಅರೆ ಮುಚ್ಚಿ ನೋಡಿದರೆ ಅದಕ್ಕೊಂದು ಆಕಾರವಿದೆ. ಮೊದಲು ಅಗಲವಾದ ಒಂದು ದಂಡೆ. ಅಲ್ಲಿಂದ ದಾರ ಹಿಡಿದು ಎಳೆದಂಥ ಸಣ್ಣ ಗೆರೆ. ಗೆರೆ ಮುಗಿದಲ್ಲಿ ಶಂಖದಂಥ ಒಂದು ನಡುಗಡ್ಡೆ, ಅದರ ಬಾಲ ಮಾತ್ರ ಉದ್ದಕ್ಕೆ ಹೋಗಿ ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಸುಣ್ಣದಲ್ಲಿ ಕರಗಿಬಿಡುತ್ತದೆ. ಕೇಳಿದವರು ಯಾರೂ ನಂಬಲಿಕ್ಕಿಲ್ಲ. ಆದರೆ ನಾನು ಆ ಗೆರೆಯ ಮೇಲೆ ಜೀಪಿನಲ್ಲಿ ಹೋಗಿ ಬಂದವನು.

ಹೋದದ್ದು ಹೆಂಡತಿಯ ದೆಸೆಯಿಂದ. ಊರಿಗೆ ಮೊಬೈಲು ಇನ್ನೂ ಬಂದಿರದ ಕಾಲ. ನಮ್ಮ ಓಣಿಯ ಎಂಟು ಮಂದಿ ಕೂಡಿ ಬಾಡಿಗೆಯ ಜೀಪು ಮಾಡಿ ರಾಮೇಶ್ವರಕ್ಕೆ ಹೊರಟಿದ್ದರು. ನಾನು ಒಲ್ಲೆ ಎಂದೆ. ಯಂಕಂಚಿಯಲ್ಲಿ ಒಂದು ಗೋಡೆ ಅರ್ಧಕ್ಕೆ ನಿಂತಿತ್ತು. ಆಗ ನಮ್ಮ ನೀಲವ್ವ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: "ಲಗ್ನ ಆಗಿ ಇಪ್ಪತ್ತ ವರ್ಷ ಆತು, ನೀವು ಕಟ್ಟಿದ ಗ್ವಾಡಿ ನೋಡಿ ನೋಡಿ ಸಾಕಾಗೇತ್ರಿ. ಗ್ವಾಡಿ ಇಲ್ಲದ್ದು ಏನರ ಒಂದು ತೋರಸ್ರಿ."

ಗೌಂಡಿಯ ಹೆಂಡತಿ ಆಡುವ ಮಾತೇ ಇದು? ಎದೆಗೆ ನಾಟಿತು. ಹೊರಟೆ.

ಹೊರಟೆನೇನೋ ನಿಜ, ಆದರೆ ದಾರಿಯಲ್ಲಿ ನಿಲ್ಲುವುದೆಂದರೆ ನನಗೆ ಕಲಸಿದ ಸಿಮೆಂಟು ಕಣ್ಣೆದುರಿಗೇ ಗಟ್ಟಿಯಾದಂತೆ. ಮೊದಲ ಎರಡು ದಿನ ಡ್ರೈವರನಿಗಿಂತ ಮುಂದೆ ನಾನೇ ಕೂತು, "ನಡೀಲಿ, ನಡೀಲಿ" ಎನ್ನುತ್ತಿದ್ದೆ. ಚಹಾಕ್ಕೆ ಇಳಿದವರನ್ನು ಕೂಲಿಗಳನ್ನು ಕರೆದ ಹಾಗೆ ಕರೆದು ಹತ್ತಿಸುತ್ತಿದ್ದೆ. ಒಂದು ಸಮಾಧಾನವೆಂದರೆ ತಮಿಳುನಾಡು ಹೊಕ್ಕ ಮೇಲೆ ಬೋರ್ಡುಗಳನ್ನು ಓದಲು ನಮ್ಮ ಜೀಪಿನಲ್ಲಿದ್ದ ಡಿಗ್ರಿಯವನಿಗೂ ಬರಲಿಲ್ಲ. ನಾಲ್ಕನೆಯ ಇಯತ್ತೆಯವನೂ ಅವನೂ ಒಂದೇ ಹಲಗೆಯ ಮುಂದೆ ಒಂದೇ ರೀತಿ ಬಾಯಿ ತೆರೆದು ನಿಂತೆವು. ಆ ರಾಜ್ಯ ನನಗೆ ಬಹಳ ಹಿಡಿಸಿತು.

ಮೊದಲು ಜೀಪು ನಿಲ್ಲಿಸಿದವಳು ನೀಲವ್ವನೇ. ತಾಳೆಮರಗಳ ಸಾಲು ಮುಗಿದು ನೆಲ ಬಟಾಬಯಲಾಗಿ, ಎರಡೂ ಕಡೆ ಬೆಳ್ಳಗಿನ ರಾಶಿಗಳು ಸಾಲಾಗಿ ಕಂಡವು. ಬಿಸಿಲಿಗೆ ಅವು ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದಂತೆ ಕಾಣುತ್ತಿದ್ದವು. "ಯಾರದ್ರಿ ಇಷ್ಟು ಜ್ವಾಳ?" ಎಂದಳು. "ಜ್ವಾಳ ಅಲ್ಲವ್ವಾ, ಉಪ್ಪು" ಎಂದ ಡ್ರೈವರ. ಅವಳು ಇಳಿದೇಬಿಟ್ಟಳು. ನಮ್ಮ ಕಡೆಯವರು ರಾಶಿ ಕಂಡರೆ ಅದು ಯಾರದೇ ಇರಲಿ, ಯಾವುದರದೇ ಇರಲಿ, ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. ಚಪ್ಪಲಿ ಕಳಚಿ ಉಪ್ಪಿನ ರಾಶಿಗೆ ನಮಸ್ಕಾರ ಮಾಡಿ ಬಂದಳು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನಕ್ಕರು. ನಾನು ಗಡಿಯಾರ ನೋಡಿಕೊಂಡೆ. ಉಪ್ಪಿಗೆ ಅವತ್ತು ನಾನೂ ಒಂದು ನಮಸ್ಕಾರ ಹಾಕಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೋ ಏನೋ.

ಮುಂದೆ ಸೇತುವೆ. ನೆಲವನ್ನು ನಡುಗಡ್ಡೆಗೆ ಕಟ್ಟಿದ ಆ ಸೇತುವೆಯ ನಟ್ಟನಡುವೆ ಎಲ್ಲ ಗಾಡಿಗಳೂ ನಿಲ್ಲುತ್ತವೆ, ನಮ್ಮದೂ ನಿಂತಿತು. ಪಕ್ಕದಲ್ಲಿ ಕೆಳಗೆ ರೈಲಿನ ಸೇತುವೆ ನೀರಿಗೆ ತಾಗಿದಂತೆ ಮಲಗಿತ್ತು. ಅದರ ಆಚೆ ದೋಣಿಗಳು, ಮಕ್ಕಳು ಬಿಟ್ಟ ಕಾಗದದ ದೋಣಿಯಷ್ಟೇ ದೊಡ್ಡವು. ನಾನು ಮಾಡಿದ ಮೊದಲ ಕೆಲಸವೆಂದರೆ ಬಗ್ಗಿ ಕಂಬಗಳನ್ನು ನೋಡಿದ್ದು. ನೀರಿನೊಳಗೆ ಪಾಯ ಹೇಗೆ ಹಾಕಿದರು, ಎಷ್ಟು ಚೀಲ ಸಿಮೆಂಟು ಹೋಗಿರಬೇಕು ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ.

ಪಕ್ಕದಲ್ಲಿ ನೀಲವ್ವ ಕೇಳಿದಳು: "ಆಚೀ ದಂಡಿ ಎಲ್ಲೈತ್ರಿ?"

"ಇಲ್ಲ."

"ಅದೆಂಗ ಇಲ್ಲ? ನೀರು ಅಂದಮ್ಯಾಗ ದಂಡಿ ಇರಬೇಕಲ್ಲ. ಭೀಮಾ ಹೊಳಿಗಿಲ್ಲೇನು?"

"ಇದಕ್ಕ ಇಲ್ಲ ಮಾರಾಯ್ತಿ, ನೋಡು."

ಅವಳು ನೋಡಿದಳು. ನಾನೂ ನೋಡಿದೆ. ಹಸಿರು ನೀಲಿಗೆ ತಿರುಗಿ, ನೀಲಿ ಬೂದಿಯಾಗಿ, ಬೂದಿ ಆಕಾಶವಾಗಿತ್ತು. ಎಲ್ಲಿ ಯಾವುದು ಮುಗಿಯಿತೆಂದು ಗುಂಡು ಕಟ್ಟಿದ ದಾರ ಬಿಟ್ಟು ನೋಡಿದರೂ ತಿಳಿಯುತ್ತಿರಲಿಲ್ಲ. ಗಾಳಿ ಅವಳ ಸೆರಗನ್ನು ಎಳೆದು ನನ್ನ ಮುಖಕ್ಕೆ ಹೊದಿಸಿತು. ಎಣಿಸುತ್ತಿದ್ದ ಚೀಲಗಳು ಎಷ್ಟಕ್ಕೆ ನಿಂತವೋ ಮರೆತುಹೋಯಿತು. ಬುದ್ಧಿ ಬಂದಾಗಿನಿಂದ ನನ್ನ ಕೈಯಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು, ಥಾಪಿ ಇಲ್ಲವೇ ಇಟ್ಟಂಗಿ. ಕೈ ಬರಿದಾಗಿದೆ ಎಂಬುದು ಅಂದು ಮೊದಲ ಸಲ ಗೊತ್ತಾಯಿತು. ಡ್ರೈವರ ಹಾರ್ನು ಬಾರಿಸಿ ಬಾರಿಸಿ ನನ್ನನ್ನು ಕರೆದನಂತೆ. "ನಡೀಲಿ ಅನ್ನೋರಾ ನಿಂತಬಿಟ್ರಲ್ಲ" ಎಂದು ಜೀಪಿನಲ್ಲಿ ನಕ್ಕರು.

ಗುಡಿಯಲ್ಲಿ ಇಪ್ಪತ್ತೆರಡು ಬಾವಿಗಳ ನೀರು ಹೊಯ್ಯಿಸಿಕೊಂಡು, ತೊಯ್ದ ಪಂಚೆಯಲ್ಲಿ ನಡುಗುತ್ತ ಆ ಉದ್ದನೆಯ ಪ್ರಾಕಾರಕ್ಕೆ ಬಂದೆ. ಎರಡು ಕಡೆ ಕಂಬ. ಕಂಬದ ಹಿಂದೆ ಕಂಬ, ಅದರ ಹಿಂದೆ ಇನ್ನೊಂದು, ಕೊನೆಗೆ ಹೋಗುತ್ತ ಹೋಗುತ್ತ ಅವು ಸೂಜಿಯ ಕಣ್ಣಿನೊಳಗೆ ಹೋಗಿ ಸೇರಿದ್ದವು. ಇಂಥ ಸಾಲನ್ನು ದಾರ ಹಿಡಿದು ಕಟ್ಟಿದವನು ಯಾವನು, ಒಂದಾದರೂ ಕಂಬ ಕೂದಲೆಳೆಯಷ್ಟು ಸರಿದಿರಲೇಬೇಕು ಎಂದು ನನಗೆ ಹಟ ಬಂತು. ಕಲ್ಲಿನ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಗದ್ದ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ಸಾಲು ಹಿಡಿದು ನೋಡಿದೆ. ಸರಿದಿರಲಿಲ್ಲ. ಇನ್ನೊಂದು ಬದಿ ನೋಡಿದೆ. ಅಲ್ಲಿಯೂ ಇಲ್ಲ. ಐದು ನಿಮಿಷವಾದರೂ ಮಲಗಿದ್ದೆ. ಎದ್ದು ನೋಡುತ್ತೇನೆ, ನೀಲವ್ವ ಕೈ ಮುಗಿದು ನಿಂತಿದ್ದಾಳೆ, ಕಣ್ಣಲ್ಲಿ ನೀರು. ಸುತ್ತ ನಾಲ್ಕು ಮಂದಿ ದಾರಿ ಬಿಟ್ಟು ನಿಂತಿದ್ದಾರೆ. "ಏಳಾಕ ಮನಸ್ಸಾ ಬರಲಿಲ್ಲ ಅಂತೀನಿ ಇವರಿಗೆ" ಎಂದು ಅವಳು ಜೊತೆಯವರಿಗೆ ಹೇಳುತ್ತಿದ್ದಳು. ದೇವರಿಗೆ ದಿನಾ ಒಂದು ಊದಿನಕಡ್ಡಿಯನ್ನೂ ಹಚ್ಚದ ಗಂಡ ಹೀಗೆ ನೆಲಕ್ಕೆ ಬಿದ್ದದ್ದನ್ನು ಕಂಡ ಹೆಂಗಸಿಗೆ, ನಾನು ಕಂಬ ಅಳೆಯುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ?

ಕೊನೆಗೆ ನಡುಗಡ್ಡೆಯ ಬಾಲ. ಅಲ್ಲಿಗೆ ಆಗ ರಸ್ತೆಯಿರಲಿಲ್ಲ. ಉಸುಕಿನ ಮೇಲೆ, ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ, ಅಲ್ಲಿಯವರದೇ ಒಂದು ಗಾಡಿಯಲ್ಲಿ ಕುಲುಕಿಕೊಂಡು ಹೋದೆವು. ಹಿಂದೊಮ್ಮೆ ಬಿರುಗಾಳಿಗೆ ಹೋದ ಊರಂತೆ. ಸೂರಿಲ್ಲದ ಗೋಡೆಗಳು ಉಸುಕಿನಲ್ಲಿ ನಿಂತಿದ್ದವು. ಬಾಗಿಲಿನಿಂದ ಒಳಗೆ ನೋಡಿದರೂ ಸಮುದ್ರ, ಕಿಟಕಿಯಿಂದ ಹೊರಗೆ ನೋಡಿದರೂ ಸಮುದ್ರ. ಗೋಡೆ ಮುಟ್ಟಿದೆ. ಉಪ್ಪು ತಿಂದು ತಿಂದು ಗೆದ್ದಲು ಹಿಡಿದ ಕಟ್ಟಿಗೆಯಂತಾಗಿತ್ತು. ಉಪ್ಪು ಗೋಡೆಯನ್ನು ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ಆದರೆ ನಾನು ಸಾಲಿ ಬಿಟ್ಟವನು.

ಕಾಲಡಿಗೆ ಉಸುಕು ಇತ್ತು. ಎಂಥ ಉಸುಕು! ನಮ್ಮ ಕಡೆ ಟ್ರ್ಯಾಕ್ಟರಿನಲ್ಲಿ ಬರುವ ಉಸುಕಿನಲ್ಲಿ ಅರ್ಧ ಎರೆಮಣ್ಣು, ಕಾಲು ಕಸ, ಜರಡಿ ಹಿಡಿದು ಹಿಡಿದು ರಟ್ಟೆ ಬಿದ್ದುಹೋಗುತ್ತದೆ. ಇದು ಸಣ್ಣ ರವೆಯ ಹಾಗೆ, ಬೆರಳ ಸಂದಿಯಿಂದ ನೀರಿನಂತೆ ಇಳಿಯುತ್ತಿತ್ತು. ಯಾರೂ ಕೇಳುವವರಿಲ್ಲದೆ ಕಣ್ಣು ಹಾಯುವವರೆಗೂ ಬಿದ್ದಿತ್ತು. ಇದರಿಂದ ಕೊನೆಯ ಕೈ ಗಿಲಾವು ಹಚ್ಚಿದರೆ ಗೋಡೆ ತತ್ತಿಯ ಸಿಪ್ಪೆಯಂತಾಗುತ್ತದೆ ಎಂದು ಕೈ ತುರಿಸಿತು. ನನಗೆ ಕೆಲಸ ಕಲಿಸಿದ ಮೌಲಾಸಾಬ ಉಸ್ತಾದ ಯಾವಾಗಲೂ ಹೇಳುತ್ತಿದ್ದರು: "ಉಸುಕು ಇಳಸ್ಕೊಳ್ಳೂ ಮುಂಚೆ ನಾಲಗಿಗೆ ಹಚ್ಚಿ ನೋಡಪಾ. ಕಣ್ಣು ಸುಳ್ಳು ಹೇಳತೈತಿ, ನಾಲಗಿ ಹೇಳೂದಿಲ್ಲ." ಒಂದು ಚಿಟಿಕೆ ತೆಗೆದು ಕಣ್ಣು ಮುಚ್ಚಿ ನಾಲಗೆಯ ಮೇಲಿಟ್ಟೆ. ಉಪ್ಪು. ನಾಲಗೆ ಸುಳ್ಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕಣ್ಣು ತೆರೆದರೆ ನೀಲವ್ವ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣಿಗೆ ಕೈ ಒತ್ತಿಕೊಳ್ಳುತ್ತಿದ್ದಳು. ಅರ್ಧ ಚೀಲ ತುಂಬಿ ತಂದು ನಮ್ಮ ಜೀಪಿನ ಸೀಟಿನ ಕೆಳಗಿಟ್ಟೆ. "ದೇವರ ಉಸುಕು" ಎಂದೆ. ಯಾರೂ ಬೇಡವೆನ್ನಲಿಲ್ಲ, ನನ್ನ ಭಕ್ತಿಯ ಸುದ್ದಿ ಆಗಲೇ ಜೀಪು ತುಂಬಿತ್ತು.

ಮನೆಗೆ ಬಂದು ಆ ಉಸುಕನ್ನು ಬಕೆಟ್ಟಿನಲ್ಲಿ ಹಾಕಿ ಮೂರು ನೀರು ತೊಳೆದೆ. ನಾಲ್ಕನೆಯದಕ್ಕೆ ಓಣಿಯ ನಳ ನಿಂತಿತು. ಮೂರು ನೀರಿಗೆ ಉಪ್ಪು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ದೇವರ ಗೂಡಿನ ಪಕ್ಕದ ಗೋಡೆಗೆ ಹಚ್ಚಿದೆ. ಆಹಾ, ಆ ಬೇಸಿಗೆಯಲ್ಲಿ ಆ ಗೋಡೆ ನೋಡಬೇಕಿತ್ತು! ಅಂಗೈ ಇಟ್ಟರೆ ಜಾರುತ್ತಿತ್ತು. ಮಳೆಗಾಲ ಬಂತು. ಒಂದು ಬೆಳಿಗ್ಗೆ ನೀಲವ್ವ ಹೊರಗಿದ್ದ ನನ್ನನ್ನು ಕರೆದು, ಗೋಡೆಯ ತೇವ ತೋರಿಸಿ, "ಏನ್ರಿ, ರಾಮೇಶ್ವರದಾಗ ಇವತ್ತ ಸಮುದ್ರಕ್ಕ ಭರತಿ ಬಂದೈತಿ ಕಾಣಸ್ತೈತಿ" ಎಂದಳು. ಸಂಜೆಗೆ ಪಕ್ಕದ ಮನೆಯ ಗುರುಬಸವ್ವ ಆಯಿ ಬಂದು ತೇವ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಓಣಿಯಲ್ಲಿ ಅದು 'ರಾಮೇಶ್ವರದ ಗ್ವಾಡಿ'ಯಾಯಿತು. ನನ್ನನ್ನು ಭಜನೆಗೆ ಕರೆಯತೊಡಗಿದರು. ಕೆರೆದು ತೆಗೆಯೋಣವೆಂದರೆ ದೇವರ ಮೈ ಕೆರೆದಂತೆ, ಬಿಡೋಣವೆಂದರೆ ಗೌಂಡಿಯ ಮೂಗು ಕೊಯ್ದಂತೆ. ದೇವರು ಎಂದರೆ ಸುಳ್ಳಾಗುತ್ತಿತ್ತು, ಉಪ್ಪು ಎಂದರೆ ಥಾಪಿ ಕೆಳಗಿಡಬೇಕಾಗುತ್ತಿತ್ತು. ನಾನು ಮಹಾತ್ಮರ ಹಾಗೆ ಮೌನ ಹಿಡಿದೆ.

ಹೀಗೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಎರಡನೆಯ ಮಳೆಗಾಲದಲ್ಲಿ ದೇವರ ಹಿಪ್ಪರಗಿಯ ಮಾಸ್ತರೊಬ್ಬರು ಮನೆ ಕಟ್ಟಿಸುತ್ತೇನೆಂದರು. ಎರಡು ಅಂತಸ್ತು. ನನ್ನ ಆಯುಷ್ಯದಲ್ಲಿ ನಾನು ಒಂದು ಅಂತಸ್ತಿನ ಮೇಲೆ ಹತ್ತಿದವನಲ್ಲ. ಆ ಮನೆ ನನ್ನ ಕೈಯಿಂದ ಏಳಬೇಕೆಂದು ಎಷ್ಟು ಆಸೆಯಿತ್ತೆಂದರೆ ಕನಸಿನಲ್ಲಿ ಅದರ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಮಾಸ್ತರು ಒಂದೇ ಮಾತು ಹೇಳಿದರು: "ಗೌಂಡಿ ಕೆಲಸ ನೋಡಬೇಕಂದ್ರ ಗೌಂಡಿ ಮನಿ ನೋಡಬೇಕ್ರಿ. ರವಿವಾರ ಬರ್ತೇವಿ."

ರವಿವಾರ ಮುಂಜಾನೆ ತೇವದ ಮೇಲೆ ಎರಡು ಕ್ಯಾಲೆಂಡರು ತೂಗುಹಾಕಿದೆ. "ಮುಚ್ಚೂದ್ಯಾಕ್ರಿ?" ಎಂದಳು ನೀಲವ್ವ. "ಬಂದವರಿಗೆ ತಾರೀಖು ಕಾಣಲಿ" ಎಂದೆ. ಮಾಸ್ತರು ಹೆಂಡತಿಯೊಡನೆ ಬಂದರು. ಗೋಡೆ ತಟ್ಟಿ ನೋಡಿದರು, ಮೂಲೆ ನೋಡಿದರು, ತಲೆದೂಗಿದರು. ಚಹಾ ಬಂತು. ಅಷ್ಟರಲ್ಲಿ ತೇವ ಹಿಡಿದ ಕ್ಯಾಲೆಂಡರು ಕೆಳಗಿನಿಂದ ಮೆಲ್ಲಗೆ ಸುರುಳಿ ಸುತ್ತತೊಡಗಿತು. ಜೂನ್ ತಿಂಗಳು ಮೇಲಕ್ಕೇರಿತು. ನಡುಗಡ್ಡೆ ಕಾಣಿಸಿತು.

"ಗೌಂಡೇರ, ಇದೇನ್ರಿ?" ಎಂದರು ಮಾಸ್ತರು.

ನಾನು ಉತ್ತರಿಸುವ ಮುಂಚೆಯೇ ಅವರ ಹೆಂಡತಿ, "ರಾಮೇಶ್ವರದ ಗ್ವಾಡಿ ಅಂತಾರಲ್ಲ, ಇದಾ ಏನ್ರಿ?" ಎಂದು ಕೈ ಜೋಡಿಸಿದರು. 'ಹೌದ್ರಿ' ಎಂಬ ಒಂದು ಮಾತು ಸಾಕಿತ್ತು. ಎರಡು ಅಂತಸ್ತು ನನ್ನವಾಗುತ್ತಿದ್ದವು. ನೀಲವ್ವನ ಕಡೆ ನೋಡಿದೆ. ಅವಳು ಚಹಾದ ತಟ್ಟೆಯನ್ನೇ ನೋಡುತ್ತಿದ್ದಳು. ಆದರೆ ಆ ಮಾಸ್ತರರ ಮನೆಯ ಗೋಡೆ ಎದ್ದು ನಿಂತು, ಆ ತಾಯಿ ದಿನಾ ಅದರ ತೇವಕ್ಕೆ ಕೈ ಮುಗಿಯುವುದು ಕಣ್ಣಿಗೆ ಕಟ್ಟಿತು. ನಾಲಗೆಗೆ ಉಪ್ಪು ತಾಗಿದಂತಾಯಿತು.

"ಇದು ದೇವರಲ್ರೀ ಅವ್ವಾರ, ಉಪ್ಪು" ಎಂದೆ. "ಸಮುದ್ರದ ಉಸುಕು. ನಾನಾ ತಂದು, ನಾನಾ ತೊಳದು, ನಾನಾ ಹಚ್ಚೇನಿ. ತೊಳದದ್ದು ಸಾಲಲಿಲ್ರಿ."

"ಉಪ್ಪು ಐತಿ ಅಂತ ಗೊತ್ತಿರಲಿಲ್ಲೇನು?" ಎಂದರು ಮಾಸ್ತರು.

"ಗೊತ್ತಿತ್ರಿ. ಉಸುಕು ಭಾಳ ಚಂದ ಇತ್ತು."

ಮಾಸ್ತರು ಬಹಳ ಹೊತ್ತು ಚಹಾ ಕುಡಿದರು. ಎದ್ದು, "ಗುರುವಾರ ಬಂದು ಪಾಯಕ್ಕ ದಾರಾ ಹಿಡೀರಿ" ಎಂದರು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಹೊಸ್ತಿಲು ದಾಟಿದವರು ತಿರುಗಿ ನಿಂತು ಹೇಳಿದರು: "ಉಸುಕು ಮಾತ್ರ ನಾ ತರಸ್ತೇನಿ."

ಅವರು ಹೋದ ಮೇಲೆ ನೀಲವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. ಎರಡು ವರ್ಷ ಅವಳು ಕೈ ಮುಗಿದ ಗೋಡೆಯನ್ನು ನಾನು ಒಂದು ಮಾತಿನಲ್ಲಿ ಕೆಡವಿದ್ದೆ. ಗೋಡೆಯ ಕಡೆ ತಿರುಗಿ, "ಆ ಪ್ರಾಕಾರದಾಗ ಮಲಗಿದ್ದೂ..." ಎಂದು ಶುರುಮಾಡಿದೆ.

"ಗೊತ್ತೈತ್ರಿ" ಎಂದಳು ಅವಳು, ಚಹಾದ ಕಪ್ಪು ಬಸಿ ಎತ್ತುತ್ತ. "ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತಕ್ಕೊಂಡು ಯಾರು ನಮಸ್ಕಾರ ಹಾಕ್ತಾರ?"

"ಮತ್ತ ಯಾಕ ಅಳತಿದ್ದಿ?"

"ಇಪ್ಪತ್ತ ವರ್ಷದಾಗ ಐದು ನಿಮಿಷ ಒಂದ ಕಡೆ ಸುಮ್ನ ಇದ್ದದ್ದು ಅವತ್ತ ನೋಡಿದ್ನಿ. ಕಣ್ಣಾಗ ನೀರು ಬಂತು." ಒಳಗೆ ಹೋಗುತ್ತ, ಗೋಡೆಯನ್ನೊಮ್ಮೆ ನೋಡಿ ಅಂದಳು: "ಗ್ವಾಡಿ ಇಲ್ಲದ್ದು ತೋರಸ್ರಿ ಅಂದಿದ್ದೆ. ನೀವು ಅದನ್ನೂ ತಂದು ಗ್ವಾಡಿಗೆ ಮೆತ್ತಿದ್ರಿ."

ತೇವವನ್ನು ಕೆರೆಯಲಿಲ್ಲ. ಈಗ ಬೇರೆ ಉಸುಕು ಬೇಕಾದಷ್ಟಿದೆ, ಸಮಯವೂ ಇದೆ, ಆದರೆ ಮನೆಯ ಯಜಮಾನಿ ಒಪ್ಪುವುದಿಲ್ಲ. ಇನ್ನು ಚಹಾದಂಗಡಿಯಲ್ಲಿ ನಾನು ಆಡಿದ್ದ ಮಾತು. ಆಡಿದ ಮಾತಿಗೆ ತಪ್ಪುವ ಮನುಷ್ಯ ನಾನಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಥಾಪಿ ಕೆಳಗಿಡುತ್ತೇನೆ. ಕೌದಿಯ ಮೇಲೆ ಅಡ್ಡಾಗಿ, ಒಂದು ಕಣ್ಣು ಮುಚ್ಚಿ, ಉಪ್ಪಿನ ರಾಶಿಗಳ ಹತ್ತಿರ ಇಳಿದು, ಸೇತುವೆಯ ನಡುವೆ ನಿಂತು, ಉಸುಕಿನ ಬಾಲದವರೆಗೆ ಹೋಗಿ ಬರುತ್ತೇನೆ. ಈಗ ಎಲ್ಲಿಯೂ ಅವಸರವಿಲ್ಲ. ಹಾರ್ನು ಬಾರಿಸುವವರೂ ಇಲ್ಲ. ಮಾಸ್ತರರ ಮನೆ ಎದ್ದು ಎಷ್ಟೋ ವರ್ಷವಾದರೂ ಒಳಗಿನಿಂದ ಅವಳು ಮಾತ್ರ ಒಮ್ಮೊಮ್ಮೆ ಕೂಗುತ್ತಾಳೆ: "ಏಳ್ರಿ, ಭಕ್ತರ, ಮಾಸ್ತರ ಉಸುಕು ಬಂದೈತಿ ಅಂತ."